ನೂರು ಕೆಜಿಯ ಬೆಲ್ಟು

ಮಾರ್ಚ್ 3, ಸೋಮವಾರ

ಹನ್ನೊಂದು ವರ್ಷದಿಂದ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ದಿನವೂ ಪುಸ್ತಕ ಬರೆದು ಅಭ್ಯಾಸ. ಗಾಳಿ ಎಷ್ಟಿತ್ತು, ಎಷ್ಟು ಭಾರ ಎತ್ತಿದೆ, ಎಷ್ಟು ಹೊತ್ತಿಗೆ ನಿಲ್ಲಿಸಿದೆ. ಇವತ್ತು ಆ ಪುಸ್ತಕ ಬೇರೆಯವನ ಕೈಗೆ ಹೋಯಿತು. ನನ್ನ ಕೈ ಸುಮ್ಮನಿರುತ್ತಿಲ್ಲ. ಮಗಳ ಕಳೆದ ವರ್ಷದ ಲೆಕ್ಕದ ನೋಟ್‌ಬುಕ್ಕಿನಲ್ಲಿ ಅರ್ಧ ಖಾಲಿ ಇತ್ತು, ಅದರಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಆದದ್ದು ಇಷ್ಟು. ಬೆಳಿಗ್ಗೆ ಏಣಿ ಹತ್ತುವಾಗ ಐದನೇ ಅಟ್ಟಣೆಯಲ್ಲಿ ಕೂತೆ. ದಿನವೂ ಕೂರುತ್ತೇನೆ, ಎರಡು ನಿಮಿಷ. ಇವತ್ತು ಇಪ್ಪತ್ತು ನಿಮಿಷ ಆಯಿತಂತೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಕೆಳಗಿನಿಂದ ಕರೆದದ್ದು ಕೇಳಿಸಲಿಲ್ಲ. ಸೇಫ್ಟಿ ಸಾಹೇಬರೇ ಹತ್ತಿ ಬಂದು ನನ್ನನ್ನು ಇಳಿಸಿಕೊಂಡು ಹೋದರು. ಆಮೇಲೆ ಸ್ಟೋರಿನಲ್ಲಿ ಕಬ್ಬಿಣದ ಚೂರು ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ಹೆಗಲ ಚೀಲ ಸೇರಿ ನೂರ ಏಳು ಕೆಜಿ. ಏಣಿ ಹತ್ತುವಾಗ ಕಟ್ಟಿಕೊಳ್ಳುವ ಬೆಲ್ಟಿನ ಮೇಲೆ ನೂರು ಎಂದು ಅಚ್ಚು ಹಾಕಿದೆ.

ಚೀಲ ಇಳಿಸಿ ಎಂದರು. ನೂರ ಮೂರು. ಚೀಲವೇ ನಾಲ್ಕು ಕೆಜಿ. ಅದರಲ್ಲಿ ಏನಿದೆ ಎಂದು ಕೇಳಿದರು. ಎರಡು ಲೀಟರಿನ ಕಿತ್ತಳೆ ಬಣ್ಣದ ಬಾಟಲಿ, ಕ್ರೀಮ್ ಬಿಸ್ಕತ್ತು, ಚಿಪ್ಸ್, ನಾಲ್ಕು ಬನ್ನು, ಊಟದ ಡಬ್ಬಿ. ಸ್ಟೋರಿನವನು ಬೇರೆ ಕಡೆ ನೋಡಿದ. ನಗು ತಡೆದುಕೊಂಡಿದ್ದ ಅನ್ನಿಸಿತು.

ದೊಡ್ಡ ಬೆಲ್ಟು ತರಿಸಿ ಎಂದೆ. ಬೂಟು ಹರಿದರೆ ಬೇರೆ ಕೊಡುತ್ತೀರಿ, ಇದೂ ಹಾಗೇ ಅಲ್ಲವೇ ಎಂದೆ. ಅವರು ಸಿಟ್ಟಾಗಲಿಲ್ಲ.

"ಬೆಲ್ಟು ತರಿಸ್ಬಹುದು ಮೇಡಂ. ಅರ್ಧ ಏಣೀಲಿ ನೀವು ಕುಸಿದುಬಿದ್ರೆ ನಿಮ್ಮನ್ನ ಇಳಿಸೋರು ಯಾರು?"

ಎರಡು ತಿಂಗಳು ನೆಲದ ಕೆಲಸ ಎಂದರು. ಆಮೇಲೆ ಡಾಕ್ಟರು ಬರೆದುಕೊಟ್ಟರೆ ಮಾತ್ರ ಮೇಲೆ. ಮೇ ತಿಂಗಳಲ್ಲಿ ಪಕ್ಕದಲ್ಲೇ ಎಂಬತ್ತು ಮೀಟರಿನ ಹೊಸ ಕ್ರೇನ್ ನಿಲ್ಲುತ್ತದೆ. ಅದು ನನಗೆ ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಯಾರಿಗೆ ಎಂದು ಯಾರೂ ಹೇಳುತ್ತಿಲ್ಲ.

ಈ ಹನ್ನೊಂದು ವರ್ಷದಲ್ಲಿ ನಾನು ಎತ್ತಿದ ಒಂದು ಇಟ್ಟಿಗೆಯೂ ಯಾರ ತಲೆಯ ಮೇಲೂ ಬಿದ್ದಿಲ್ಲ. ಬೆಳಿಗ್ಗೆ ಹತ್ತಿದರೆ ಸಂಜೆಗೇ ಇಳಿಯುವವಳು ನಾನು. ಹತ್ತು ಗಂಟೆ ಅಲ್ಲಾಡದೆ ಕೂತು ಕೆಲಸ ಮಾಡುವ ಇನ್ನೊಬ್ಬರನ್ನು ತೋರಿಸಲಿ ನೋಡೋಣ. ನನ್ನನ್ನು ಗುಜರಿ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು.

ಮಾರ್ಚ್ 4, ಮಂಗಳವಾರ

ನನ್ನ ಕ್ರೇನ್ ಹತ್ತಿದವನು ಮೂವತ್ತರ ಹತ್ತಿರದ ಒಬ್ಬ ಆಪರೇಟರು. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಅನ್ನುವ ಹಾಗಿದ್ದಾನೆ. ಕಡ್ಡಿ ಎಂದು ಹೆಸರಿಟ್ಟೆ, ಮಧ್ಯಾಹ್ನದೊಳಗೆ ಇಡೀ ಸೈಟಿಗೆ ಹಬ್ಬಿತು. ಅವನ ಮೊದಲ ಎತ್ತುವಿಕೆ ಜರ್ಕು ಹೊಡೆಯಿತು. ನನಗೆ ಖುಷಿಯಾಯಿತು. ಸುಳ್ಳು ಬರೆಯುವುದಿಲ್ಲ.

ನನ್ನನ್ನು ಮಾವನ ಜೊತೆ ಹಾಕಿದ್ದಾರೆ. ಮಾವ ಎಂದರೆ ಯಾರಿಗೂ ಮಾವನಲ್ಲ, ಎಲ್ಲರೂ ಹಾಗೆ ಕರೆಯುತ್ತಾರೆ. ಕೆಳಗೆ ಕಂಬಿಯ ಕಟ್ಟಿಗೆ ಸರಪಳಿ ಬಿಗಿದು ಕೊಕ್ಕೆಗೆ ಸಿಕ್ಕಿಸುವುದು, ವಾಕಿಟಾಕಿಯಲ್ಲಿ ಮೇಲಿನವನಿಗೆ ಹೇಳುವುದು, ಭಾರ ಇಳಿಯುವ ಮಹಡಿಗೆ ಹೋಗಿ ನಿಲ್ಲುವುದು ಅವರ ಕೆಲಸ. ಅರವತ್ತಕ್ಕೆ ಎರಡು ಕಡಿಮೆ. ಹನ್ನೊಂದು ವರ್ಷ ಅವರ ದನಿ ನನ್ನ ಕಿವಿಯಲ್ಲೇ ಇತ್ತು, ಮುಖ ಹತ್ತಿರದಿಂದ ನೋಡಿದ್ದು ಇವತ್ತೇ. ಎಡಗೆನ್ನೆಯ ಮೇಲೆ ಮಚ್ಚೆ ಇದೆ.

ಸಂಜೆಗೆ ಮೊಣಕಾಲು ಊದಿಕೊಂಡವು. ನಾಳೆ ಹೋಗುವುದಿಲ್ಲ ಎಂದು ಮನೆಯಲ್ಲಿ ನಮ್ಮವರಿಗೆ ಹೇಳಿದ್ದೇನೆ. ಹೋಗುತ್ತೇನೆ. ಹೋಗದಿದ್ದರೆ ಓಡಿಹೋದಳು ಅನ್ನುತ್ತಾರೆ.

ಮಾರ್ಚ್ 6, ಗುರುವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಬಿ.ಪಿ. ಜಾಸ್ತಿ, ಸಕ್ಕರೆ ಗಡಿಯಲ್ಲಿ ನಿಂತಿದೆ. ಬೈಯುತ್ತಾರೆ ಎಂದು ಎದೆ ಗಟ್ಟಿಮಾಡಿಕೊಂಡು ಹೋದೆ. ಅವರು ಬೈಯಲಿಲ್ಲ, ನನ್ನ ದಿನವನ್ನು ಕೇಳಿದರು. ಎಷ್ಟಕ್ಕೆ ಏಳುತ್ತೀರಿ, ಎಷ್ಟಕ್ಕೆ ಮಲಗುತ್ತೀರಿ, ಮೇಲೆ ಕೂತಾಗ ಏನು ಕುಡಿಯುತ್ತೀರಿ.

ನಾಲ್ಕೂವರೆಗೆ ಏಳುತ್ತೇನೆ. ಮಲಗುವ ಮುಂಚೆ ಒಂದು ಗಂಟೆ ಫೋನು ನೋಡುತ್ತೇನೆ, ಅದೊಂದೇ ನನ್ನ ಹೊತ್ತು. ಐದು ಗಂಟೆಯೂ ನಿದ್ದೆ ಇಲ್ಲ. ನಿದ್ದೆ ಕಡಿಮೆಯಾದರೆ ಹಸಿವು ಜಾಸ್ತಿಯಾಗುತ್ತದೆ ಎಂದರು. ನನಗೆ ಹೊಸದು. ನೀರು ಕುಡಿಯುವುದಿಲ್ಲ ಎಂದೆ. ಯಾಕೆ ಎಂದರು. ಐವತ್ತು ಮೀಟರ್ ಮೇಲೆ ಶೌಚಾಲಯ ಇಲ್ಲವಲ್ಲ, ಬಾಯಿ ಒಣಗಿದಾಗ ಕಿತ್ತಳೆ ಬಾಟಲಿಯಿಂದ ಒಂದೊಂದು ಗುಟುಕು, ಸಂಜೆವರೆಗೆ. ಬರೆದುಕೊಂಡು, ಆ ಎರಡು ಲೀಟರಿನಲ್ಲಿ ಎಷ್ಟು ಚಮಚ ಸಕ್ಕರೆ ಇರಬಹುದು ಎಂದು ಕೇಳಿದರು. ಹತ್ತು ಎಂದೆ. ಬಾಟಲಿಯ ಹಿಂದೆ ಬರೆದಿರುತ್ತದೆ, ಮನೆಯಲ್ಲಿ ಅಳೆದು ನೋಡಿ ಎಂದರು.

ಗುಬ್ಬಿ, ಅಂದರೆ ನನ್ನ ಮಗಳು, ಅಳೆದಳು. ಏಳನೇ ಕ್ಲಾಸು, ಅಳೆಯುವುದೆಂದರೆ ಪ್ರಾಣ. ತಟ್ಟೆಗೆ ಚಮಚ ಚಮಚ ಸುರಿಯುತ್ತಾ ಹೋದಳು. ನಲವತ್ತು ದಾಟಿದರೂ ನಿಲ್ಲಿಸಲಿಲ್ಲ. ನಮ್ಮವರು ಎದ್ದು ಬಂದು ತಟ್ಟೆ ನೋಡಿದರು. ಒಂದು ಪುಟ್ಟ ಬೆಟ್ಟ.

ಆ ಬಾಟಲಿಯ ಬಗ್ಗೆ ಒಂದು ಮಾತು ಡಾಕ್ಟರಮ್ಮನಿಗೆ ಹೇಳಲಿಲ್ಲ. ನಾವು ಐದು ಮಕ್ಕಳು. ಒಂದು ಚಿಕ್ಕ ಬಾಟಲಿಯನ್ನು ಐದು ಲೋಟಕ್ಕೆ ಹಂಚುತ್ತಿದ್ದರು, ಅದೂ ಮನೆಗೆ ಯಾರಾದರೂ ಬಂದರೆ. ಕೆಲಸಕ್ಕೆ ಸೇರಿದ ದಿನ ಒಂದಿಡೀ ಬಾಟಲಿ ನನಗೊಬ್ಬಳಿಗೇ ಎಂದು ಕ್ಯಾಬಿನ್ನಿಗೆ ಒಯ್ದಿದ್ದೆ. ಅವತ್ತು ನಾನು ರಾಣಿ. ಹನ್ನೊಂದು ವರ್ಷ ರಾಣಿಯಾಗಿದ್ದೆ.

ಮಾರ್ಚ್ 11, ಮಂಗಳವಾರ

ಮೂರು ದಿನ ಸಂಜೆವರೆಗೆ ಏನೂ ತಿನ್ನಲಿಲ್ಲ. ಸಂಜೆ ಮನೆಗೆ ಬಂದು ಪಾತ್ರೆಯೇ ಖಾಲಿ ಮಾಡಿದೆ. ತೂಕ ಅರ್ಧ ಕೆಜಿ ಜಾಸ್ತಿ.

ಮಾರ್ಚ್ 14, ಶುಕ್ರವಾರ

ಉಪವಾಸದ ವಿಷಯ ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕ್ರೇನಿಗೆ ಬೆಳಿಗ್ಗೆ ಎಣ್ಣೆ ಹಾಕದೆ ಸಂಜೆ ಒಟ್ಟಿಗೇ ಸುರಿಯುತ್ತೀರಾ ಎಂದು ಕೇಳಿದರು. ಅದು ಅರ್ಥವಾಯಿತು. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಬೇಕಂತೆ: ಮೊಟ್ಟೆ, ಕಾಳು, ಹಣ್ಣು. ಮಧ್ಯಾಹ್ನ ಅರ್ಧ ತಟ್ಟೆ ತರಕಾರಿ, ಉಳಿದರ್ಧದಲ್ಲಿ ಅನ್ನ, ಬೇಳೆ. ಸಂಜೆಯ ಊಟ ಬೇಗ. ನೀರು, ನಿದ್ದೆ, ನಡಿಗೆ. ಇದಿಷ್ಟೇನಾ ಎಂದೆ. ಇದಿಷ್ಟೇ, ಆದರೆ ದಿನವೂ ಎಂದರು.

ಹೊರಗೆ ಕಾಯುತ್ತಿದ್ದವರನ್ನು ನೋಡಿದೆ. ಬಸ್ ಡ್ರೈವರು, ಕಂಪ್ಯೂಟರ್ ಮುಂದೆ ಕೂರುವ ಹುಡುಗಿ, ದರ್ಜಿ, ಗೇಟಿನ ಕಾವಲುಗಾರ. ಎಲ್ಲರೂ ಕುರ್ಚಿಯವರೇ. ನನ್ನದು ಮಾತ್ರ ಎತ್ತರದ ಕುರ್ಚಿ.

ಮಾರ್ಚ್ 19, ಬುಧವಾರ

ಗುಬ್ಬಿ ತನ್ನ ಅಪ್ಪನ ಫೋನನ್ನು ನನ್ನ ಜೇಬಿಗೆ ಹಾಕಿ ಕಳಿಸಿದ್ದಳು, ಹೆಜ್ಜೆ ಎಣಿಸುತ್ತದಂತೆ. ಸಂಜೆ ನೋಡಿದರೆ ಹನ್ನೊಂದು ಸಾವಿರ. ಮೇಲಿದ್ದಾಗ ಎಷ್ಟಿತ್ತು ಎಂದಳು. ಲೆಕ್ಕ ಹಾಕಿದೆ: ಬಸ್ ಸ್ಟಾಪಿನಿಂದ ಏಣಿಗೆ, ಏಣಿಯಿಂದ ಬಸ್ ಸ್ಟಾಪಿಗೆ. ಸಾವಿರವೂ ಇಲ್ಲ. ಹೇಳಲಿಲ್ಲ.

ಮಾವ ಇದನ್ನು ಮೂವತ್ತೈದು ವರ್ಷದಿಂದ ನಡೆಯುತ್ತಿದ್ದಾರೆ. ಅವರಿಗೆ ಯಾರೂ ಎಣಿಸಿಕೊಟ್ಟಿಲ್ಲ.

ಒಂದು ಮಾತು. ನಾನು ಮೇಲಿದ್ದಾಗ ಅವರು ತಡ ಮಾಡಿದರೆ ವಾಕಿಟಾಕಿಯಲ್ಲಿ ಎಷ್ಟು ಸಲ ಗದರಿದ್ದೇನೋ. ಮೇಲಿನಿಂದ ನೋಡಿದರೆ ಕೆಳಗಿನವರು ಯಾವಾಗಲೂ ನಿಧಾನ. ಇವತ್ತು ಒಂಬತ್ತನೇ ಮಹಡಿಗೆ ಮೆಟ್ಟಿಲು ಹತ್ತಿ ಹೋಗುವಾಗ ಮೂರು ಕಡೆ ಕೂತೆ. ಅಷ್ಟರಲ್ಲಿ ಕಡ್ಡಿ ಮೇಲಿನಿಂದ, "ಅಕ್ಕಾ, ಬೇಗ" ಅಂದ. ಕೋಪ ನೆತ್ತಿಗೇರಿತು. ಮಾವ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು. ನಕ್ಕಿರಬೇಕು.

ಮಾರ್ಚ್ 23, ಭಾನುವಾರ

ಮನೆಯಲ್ಲಿ ಊಟ ಏಳೂವರೆಗೆ, ಟಿವಿ ಆರಿಸಿ. ನಮ್ಮವರಿಗೆ ಸಿಟ್ಟು. ಇವರದು ಗಡಿಯಾರ ರಿಪೇರಿ ಅಂಗಡಿ, ಇಡೀ ದಿನ ಕಣ್ಣಿಗೆ ಗಾಜು ಹಾಕಿಕೊಂಡು ಕೂತಿರುತ್ತಾರೆ, ಸಂಜೆ ಕರಿದದ್ದು ಏನಾದರೂ ಕುರುಕಲು ಬೇಕು. ಇವತ್ತು ಹುರಿದ ಕಡಲೆ ಇಟ್ಟೆ. ಶಿಕ್ಷೆ ನಿನಗೆ ಆದದ್ದು, ಜೈಲು ನನಗೆ ಯಾಕೆ ಎಂದರು. ತಿಂದರು. ಪೂರ್ತಿ ತಿಂದರು.

ಊಟವಾದ ಮೇಲೆ ನಾನೂ ಗುಬ್ಬಿಯೂ ನಡೆಯಲು ಹೊರಟೆವು. ಇವರು ಚಪ್ಪಲಿ ಮೆಟ್ಟಿ ಹಿಂದೆಯೇ ಬಂದರು. ಅಂಗಡಿ ಬೀಗ ಸರಿಯಾಗಿ ಹಾಕಿದೆನಾ ನೋಡಬೇಕು, ನಿಮ್ಮ ಜೊತೆ ಅಲ್ಲ ಎಂದರು. ಅಂಗಡಿ ಮೂರು ಬೀದಿ ಆಚೆ. ಬೀಗ ಸರಿಯಾಗಿತ್ತು.

ಮಾರ್ಚ್ 27, ಗುರುವಾರ

ಮತ್ತೆ ಬೀಗ ನೋಡಲು ಬಂದರು. ಇದು ನಾಲ್ಕನೇ ದಿನ.

ಏಪ್ರಿಲ್ 2, ಬುಧವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಇನ್ನೂ ಕೆಟ್ಟದು.

ದೊಡ್ಡ ಇಂಜಿನಿಯರು ಎಲ್ಲರ ಎದುರಿಗೆ ಕಡ್ಡಿಯ ಕೆಲಸವನ್ನು ಹೊಗಳಿದರು. ಹೊಸ ಕ್ರೇನಿಗೆ ಇಂಥ ಕೈ ಬೇಕು ಎಂದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಸರಪಳಿ ಹಿಡಿದು ನಿಂತಿದ್ದೆ. ಅವರಿಗೆ ಕಾಣಲಿಲ್ಲ. ನೂರು ಕೆಜಿ ದಾಟಿದವಳು ಹೇಗೆ ಕಾಣದೆ ಹೋದೆನೋ.

ಗೇಟಿನ ಆಚೆಯ ಅಂಗಡಿಯಿಂದ ಕಿತ್ತಳೆ ಬಾಟಲಿ ತಂದು ಸ್ಟೋರಿನ ಹಿಂದೆ ಕೂತು ಕುಡಿದೆ. ಎರಡು ಲೀಟರು. ಒಂದು ತಿಂಗಳು ಬಿಟ್ಟ ಮೇಲೆ ಅದು ಗಂಟಲಿಗೆ ಅಂಟುವಷ್ಟು ಸಿಹಿಯಾಗಿತ್ತು, ಆದರೂ ನಿಲ್ಲಿಸಲಿಲ್ಲ. ಎದ್ದಾಗ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಹೊಟ್ಟೆ ಹಸಿವಾ ಮಗಳೇ, ಹೊಟ್ಟೆ ಉರೀನಾ?" ಎಂದು ಕೇಳಿದರು.

ನನ್ನ ಕೈಯಿಂದ ಖಾಲಿ ಬಾಟಲಿ ತೆಗೆದುಕೊಂಡು ಹೋಗಿ ನಲ್ಲಿಯಲ್ಲಿ ತೊಳೆದು, ನೀರು ತುಂಬಿಸಿ ತಂದುಕೊಟ್ಟರು. ಮಧ್ಯಾಹ್ನದ ಕಂಬಿ ಕಾಯುತ್ತಿತ್ತು. ಹೋದೆ.

ಹಸಿವಲ್ಲ, ಹೊಟ್ಟೆ ಉರಿಯೇ ಎಂದು ನನಗೇ ಗೊತ್ತಿತ್ತು.

ಏಪ್ರಿಲ್ 3, ಗುರುವಾರ

ಇವತ್ತು ಕಡ್ಡಿ ಇಳಿದಾಗ ಹತ್ತಿರ ಹೋಗಿ ಹೇಳಿದೆ: ಗಾಳಿ ಎದುರಿಗಿದ್ದಾಗ ತೋಳು ತಿರುಗಿಸಿ ನಿಲ್ಲಿಸುವ ಮುಂಚೆ ಒಂದು ಉಸಿರು ಕಾಯಬೇಕು, ಭಾರ ತಾನೇ ಬಂದು ನಿಲ್ಲುತ್ತದೆ. ಇದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕಲಿಯಲು ನನಗೆ ಮೂರು ವರ್ಷ ಹಿಡಿದಿತ್ತು. ಅವನು ಇದನ್ನು ಚೀಟಿಯಲ್ಲಿ ಬರೆದುಕೊಂಡ. ಅಕ್ಷರ ಚೆನ್ನಾಗಿದೆ.

ಏಪ್ರಿಲ್ 13, ಭಾನುವಾರ

ಬೂಟು ಸೇರಿ ನೂರು. ಮೂರು ಕೆಜಿ ಹೋಯಿತು. ಆರು ವಾರಕ್ಕೆ ಮೂರು ಕೆಜಿ ಎಂದರೆ ಏನೂ ಅಲ್ಲ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಬಿ.ಪಿ. ತೋರಿಸಿದರು, ಇಳಿದಿದೆ. ಯಂತ್ರಕ್ಕೆ ಕಾಣುವುದು ತೂಕ ಮಾತ್ರ, ಮಾಂಸಖಂಡ ಬೆಳೆದದ್ದು ಅದಕ್ಕೆ ಕಾಣುವುದಿಲ್ಲ ಎಂದರು. ತೊಡೆ ಮುಟ್ಟಿ ನೋಡಿಕೊಂಡೆ. ಮರದ ದಿಮ್ಮಿ.

ಗುಬ್ಬಿಯ ಕ್ಲಾಸಿನಲ್ಲಿ ಓಟ ಇತ್ತಂತೆ. ಹೋದ ವರ್ಷ ಹೊಟ್ಟೆನೋವು ಎಂದು ಸುಳ್ಳು ಹೇಳಿ ಕೂತಿದ್ದಳು ಎಂದು ಇವತ್ತು ಹೇಳಿದಳು, ಎಲ್ಲರೂ ನಗುತ್ತಾರೆ ಎಂದು. ನನಗೆ ಗೊತ್ತೇ ಇರಲಿಲ್ಲ. ನಾನು ಆಗ ಐವತ್ತು ಮೀಟರ್ ಮೇಲಿದ್ದೆ. ಈ ವರ್ಷ ಓಡಿದಳು, ಕೊನೆಯಿಂದ ಎರಡನೆಯವಳು. ಹೇಳುವಾಗ ಕತ್ತು ನೆಟ್ಟಗಿತ್ತು, ನನ್ನ ಮಗಳೇ.

ಏಪ್ರಿಲ್ 22, ಮಂಗಳವಾರ

ಇವತ್ತು ವಾಕಿಟಾಕಿಗಳು ಕೈ ಕೊಟ್ಟವು. ಎಲ್ಲವೂ ಒಟ್ಟಿಗೇ. ನಾಳೆ ಸೇಫ್ಟಿ ಸಾಹೇಬರಿಗೆ ದೂರು ಬರೆದು ಕೊಡಬೇಕು, ಆ ಬ್ಯಾಟರಿಗಳನ್ನು ಯಾರೂ ನೋಡುವುದೇ ಇಲ್ಲ.

ಎರಡು ಟನ್ನಿನ ಕಾಂಕ್ರೀಟ್ ಮೆಟ್ಟಿಲ ಸಾಲು ಒಂಬತ್ತನೇ ಮಹಡಿಯ ಅಂಚಿನಲ್ಲಿ ನೇತಾಡುತ್ತಿತ್ತು. ಮಾವ ಅದನ್ನು ಇಳಿಸಿಕೊಳ್ಳಲು ಒಳಗೆ ನಿಂತಿದ್ದರು, ನಡುವೆ ಕಂಬ ಇದ್ದುದರಿಂದ ಕ್ಯಾಬಿನ್ನಿಗೆ ಅವರು ಕಾಣುವುದಿಲ್ಲ, ದನಿಯೇ ದಾರಿ. ದನಿ ನಿಂತಿತು. ಕಡ್ಡಿ ತಕ್ಷಣ ಕೈ ತಡೆದ, ಒಂದು ಗೇಣೂ ಅಲ್ಲಾಡಿಸಲಿಲ್ಲ. ಅದು ಸರಿಯಾದ ಕೆಲಸ. ಆದರೆ ಗಾಳಿ ಏಳುತ್ತಿತ್ತು, ಭಾರ ನಿಧಾನಕ್ಕೆ ತೂಗತೊಡಗಿತು. ಕೆಳಗೆ ವಾಪಸ್ ಇಳಿಸೋಣವೆಂದರೆ ಅಲ್ಲಿ ಕಾಂಕ್ರೀಟ್ ಲಾರಿ ಬಂದು ನಿಂತಿದೆ. ಹತ್ತನೇ ಮಹಡಿಯ ಮೂಲೆಯಲ್ಲಿ ಯಾರಾದರೂ ನಿಂತರೆ ಅವರಿಗೆ ಮಾವನೂ ಕಾಣುತ್ತಾರೆ, ಕ್ಯಾಬಿನ್ನೂ ಕಾಣುತ್ತದೆ. ಮೇಲಿದ್ದ ಗಾರೆಯವರಿಗೆ ಕೈಸನ್ನೆ ಗೊತ್ತಿಲ್ಲ. ಸಾಮಾನಿನ ಲಿಫ್ಟು ಬೆಳಿಗ್ಗೆಯಿಂದ ರಿಪೇರಿಯಲ್ಲಿದೆ.

ಓಡಿದೆ. ಮೂಲೆ ತಲುಪಿ ಎರಡೂ ತೋಳು ಚಾಚಿ ನಿಂತೆ, ನಿಲ್ಲು ಎಂದರ್ಥ. ಕಡ್ಡಿ ನನ್ನನ್ನು ಕಂಡ, ಗಾಜಿನ ಹಿಂದೆ ಅವನು ಕೈ ಎತ್ತಿದ್ದು ಕಾಣಿಸಿತು. ಆಮೇಲೆ ಮಾವ ಕೆಳಗಿನಿಂದ ತೋರಿಸಿದ್ದನ್ನು ನಾನು ಕೈಯಲ್ಲಿ ಮೇಲಕ್ಕೆ ತೋರಿಸಿದೆ. ಎಡಕ್ಕೆ, ಇನ್ನೂ ಎಡಕ್ಕೆ, ಒಂದು ಉಸಿರು ಕಾಯಿ. ಅವನು ಕಾದ. ಭಾರ ತಾನೇ ಬಂದು ನಿಂತಿತು. ಇಳಿಸು, ಮೆಲ್ಲಗೆ, ಮೆಲ್ಲಗೆ, ಸಾಕು. ಮೊಟ್ಟೆ ಇಟ್ಟಷ್ಟು ಮೆತ್ತಗೆ ಕೂರಿಸಿದ. ನಾನೇ ಕೂತಿದ್ದರೂ ಅದಕ್ಕಿಂತ ಚೆನ್ನಾಗಿ ಇಳಿಸುತ್ತಿರಲಿಲ್ಲ.

ಮಾವ ಮೇಲೆ ಬಂದವರು ಭಾರದ ಮಾತೇ ಎತ್ತಲಿಲ್ಲ.

"ಲಿಫ್ಟು ಇರ್ಲಿಲ್ವಲ್ಲ, ಹೆಂಗೆ ಬಂದೆ?" ಎಂದರು.

"ಮೆಟ್ಲು ಹತ್ತಿ ಬಂದೆ ಮಾವ, ಇನ್ನು ಹೆಂಗೆ ಬರ್ತಾರೆ?"

"ಹತ್ತು ಮಹಡಿ."

"ಹೂಂ."

ನನ್ನನ್ನೇ ನೋಡುತ್ತಾ ನಿಂತರು. ಯಾಕೆ ನಕ್ಕರೋ ಗೊತ್ತಾಗಲಿಲ್ಲ. ಬ್ಯಾಟರಿಯ ದೂರು ಮರೆಯಬಾರದು.

ಏಪ್ರಿಲ್ 29, ಮಂಗಳವಾರ

ತೊಂಬತ್ತೆಂಟೂವರೆ. ಗುಬ್ಬಿ ಹೇಳಿದ್ದಕ್ಕೆ ಬರೆದೆ, ಇಲ್ಲದಿದ್ದರೆ ಮರೆಯುತ್ತಿದ್ದೆ.

ಮೇ 5, ಸೋಮವಾರ

ಕಡ್ಡಿಗೆ ಹೊಟ್ಟೆ ಬಂದಿದೆ!

ಬೆಳಿಗ್ಗೆ ಏಣಿಯ ಬುಡದಲ್ಲಿ ಬೆಲ್ಟು ಕಟ್ಟಿಕೊಳ್ಳುವಾಗ ಎರಡು ತೂತು ಸಡಿಲ ಮಾಡಿದ. ನಾನು ಜೋರಾಗಿ ನಕ್ಕೆ. ಕಡ್ಡಿ ಹೋಗಿ ದೊಣ್ಣೆ ಆಗ್ತಿದ್ದೀಯಾ ಎಂದೆ. ಅವನೂ ನಕ್ಕ, ಆದರೆ ಕಿವಿ ಕೆಂಪಾದವು. ಸ್ಟೋರಿನ ಯಂತ್ರದ ಮೇಲೆ ನಿಲ್ಲಿಸಿದೆ. ಬಂದಾಗ ಅರವತ್ತಾರು, ಈಗ ಎಪ್ಪತ್ತೊಂದು. ಎರಡೇ ತಿಂಗಳು.

ಚೀಲ ತೆಗಿ ಎಂದೆ. ತೆಗೆದ. ಎರಡು ಲೀಟರಿನ ಬಾಟಲಿ, ನನ್ನದೇ ಬಣ್ಣ. ಬಿಸ್ಕತ್ತು. ಬನ್ನು. ನೀರು ಯಾಕೆ ಇಲ್ಲ ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಯಾಕೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹತ್ತು ಗಂಟೆ ಒಬ್ಬನೇ ಕೂತರೆ ಹಸಿವಿರಲಿ ಬಿಡಲಿ ಬಾಯಿಗೆ ಏನಾದರೂ ಕೆಲಸ ಬೇಕು. ರಾತ್ರಿ ನಿದ್ದೆ ಬರ್ತಿಲ್ಲ ಅಕ್ಕಾ, ಸೊಂಟ ಹಿಡ್ಕೊಂಡಿದೆ ಎಂದ.

ಎರಡು ತಿಂಗಳಿನಿಂದ ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದೆ: ಬಾಯಿ ಚಪಲದವಳು, ಸೋಮಾರಿ, ತಿಂದು ಕೊಬ್ಬಿದವಳು. ಇವನು ಅದ್ಯಾವುದೂ ಅಲ್ಲ. ಇವನು ಆ ಕುರ್ಚಿಯಲ್ಲಿ ಕೂತ, ಅಷ್ಟೇ.

ಮೇ 8, ಗುರುವಾರ

ಸೇಫ್ಟಿ ಸಾಹೇಬರು ತಿಂಗಳ ಸಭೆ ಕರೆದಿದ್ದರು. ದೊಡ್ಡ ಇಂಜಿನಿಯರೂ ಬಂದಿದ್ದರು. ಹೊಸ ಕ್ರೇನಿನ ಮಾತು ಬಂತು. ನನ್ನ ಡಾಕ್ಟರ್ ಚೀಟಿ ಬಂದಿರಲಿಲ್ಲ. ಇಂಥ ಹೊತ್ತಿನಲ್ಲಿ ಬಾಯಿ ತೆರೆಯಬೇಡ ಎಂದು ಇವರು ಬೆಳಿಗ್ಗೆಯೇ ಹೇಳಿ ಕಳಿಸಿದ್ದರು.

ಎದ್ದು ನಿಂತೆ. ಒಂದು ಕ್ರೇನಿಗೆ ಇಬ್ಬರು ಆಪರೇಟರು ಬೇಕು ಎಂದೆ. ಅರ್ಧ ದಿನ ಒಬ್ಬರು ಮೇಲೆ, ಒಬ್ಬರು ಕೆಳಗೆ ಮಾವನ ಜೊತೆ, ಮಧ್ಯಾಹ್ನ ಅದಲು ಬದಲು. ಕೆಳಗಿನ ಕೆಲಸ ಗೊತ್ತಿರುವವನು ಮೇಲೆ ಚೆನ್ನಾಗಿ ಓಡಿಸುತ್ತಾನೆ, ಮೇಲಿನ ಕೆಲಸ ಗೊತ್ತಿರುವವನು ಕೆಳಗೆ ಚೆನ್ನಾಗಿ ಸನ್ನೆ ಮಾಡುತ್ತಾನೆ. ಏಪ್ರಿಲ್ 22ರಂದು ಏನಾಯಿತು ಎಂದು ನಿಮಗೇ ಗೊತ್ತು.

ಹನ್ನೊಂದು ವರ್ಷ ನೀವೊಬ್ಬರೇ ಮಾಡಿದ್ದೀರಲ್ಲ, ಯಾವತ್ತೂ ದೂರು ಹೇಳಲಿಲ್ಲವಲ್ಲ ಎಂದು ದೊಡ್ಡ ಇಂಜಿನಿಯರು ಕೇಳಿದರು. ಹೌದು, ಅದೇ ನನ್ನ ಹೆಮ್ಮೆ ಆಗಿತ್ತು.

"ಸಾರ್, ನಾನು ತಿಂದದ್ದು ನನ್ನ ತಪ್ಪು. ಒಪ್ಕೋತೀನಿ. ಹತ್ತು ಗಂಟೆ ನೀರೂ ಕುಡೀದೆ ಕೂರ್ಸಿದ್ದು ಯಾರ ತಪ್ಪು? ಇವನನ್ನೂ ನನ್ನ ಹಾಗೇ ಮಾಡ್ತೀರಾ?"

ಕಡ್ಡಿಯನ್ನು ತೋರಿಸಿದೆ. ಅವನು ನೆಲ ನೋಡುತ್ತಿದ್ದವನು ಎದ್ದು ನಿಂತ. ತನ್ನ ತೂಕ ತಾನೇ ಹೇಳಿದ, ಬಂದಾಗಿನದೂ ಈಗಿನದೂ. ಅಷ್ಟು ಜನರ ಎದುರಿಗೆ. ಅದಕ್ಕೆ ಎಂಥ ಧೈರ್ಯ ಬೇಕು ಎಂದು ನನಗೆ ಗೊತ್ತು. ಮಾವನೂ ಎದ್ದು ನಿಂತರು.

ಯೋಚಿಸುತ್ತೇವೆ ಎಂದರು. ಇವರಿಗೆ ಸಂಜೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಒಂದು ಗಡಿಯಾರದ ಮುಳ್ಳು ಸರಿಮಾಡುತ್ತಾ, ಚೆನ್ನಾಗಿ ಹೇಳಿದ್ದೀಯ ಎಂದರು, ತಲೆ ಎತ್ತದೆ.

ಮೇ 12, ಸೋಮವಾರ

ಚೀಟಿ ಬಂತು. ಬೂಟು, ಚೀಲ, ನೀರಿನ ಬಾಟಲಿ ಎಲ್ಲ ಸೇರಿ ತೊಂಬತ್ತೆಂಟು. ಬಿ.ಪಿ. ಪರವಾಗಿಲ್ಲ, ಸಕ್ಕರೆ ಗಡಿಯಿಂದ ಹಿಂದೆ ಸರಿದಿದೆ. ಇದು ಮುಗಿದ ಕೆಲಸ ಅಲ್ಲ, ಇನ್ನೂ ಇಳಿಯಬೇಕು ಎಂದರು ಡಾಕ್ಟರಮ್ಮ. ಗೊತ್ತು ಎಂದೆ.

ಸೇಫ್ಟಿ ಸಾಹೇಬರು ಕರೆದು ಎರಡು ದಾರಿ ಹೇಳಿದರು. ನನ್ನ ಮಾತಿನಂತೆ ಇಬ್ಬರನ್ನು ಹಾಕಿ ನೋಡಲು ದೊಡ್ಡ ಇಂಜಿನಿಯರು ಒಪ್ಪಿದ್ದಾರೆ, ಹಾಗಾದರೆ ಹೊಸ ಕ್ರೇನಿನಲ್ಲಿ ನನಗೆ ಅರ್ಧ ದಿನ. ಬೇಡವೆಂದರೆ ಮೊದಲಿನಂತೆ ಪೂರ್ತಿ ದಿನ ನನಗೊಬ್ಬಳಿಗೇ. ನೀವು ಹಿರಿಯರು, ನಿಮ್ಮ ಇಷ್ಟ ಎಂದರು.

ಎಂಬತ್ತು ಮೀಟರ್. ಊರಿನಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ. ವರ್ಷಗಟ್ಟಲೆ ಅದರ ಕನಸು ಕಂಡವಳು ನಾನು.

ಅರ್ಧ ಎಂದೆ. ಹೊರಗೆ ಬಂದು ಇನ್ನೊಂದು ಅರ್ಧ ನಿನ್ನದು ಎಂದು ಕಡ್ಡಿಗೆ ಹೇಳಿದೆ. ಅವನ ಮುಖ ನೋಡಬೇಕಿತ್ತು.

ಮೇ 19, ಸೋಮವಾರ

ಬೆಳಿಗ್ಗೆ ಆರೂವರೆಗೆ ಹತ್ತಿದೆ. ಗುಬ್ಬಿಯೂ ಇವರೂ ಗೇಟಿನ ಆಚೆ ನಿಂತು ನೋಡುತ್ತಿದ್ದರು, ಆಮೇಲೆ ಎಲ್ಲರೂ ಇರುವೆಗಳಾದರು. ಹದಿಮೂರು ಅಟ್ಟಣೆ. ಏಳನೆಯದರಲ್ಲಿ ನಿಂತು ಒಂದು ಗುಟುಕು ನೀರು ಕುಡಿದೆ, ಮತ್ತೆ ಹತ್ತಿದೆ. ಮೇಲಿನಿಂದ ಇಡೀ ಊರು ಕಾಣುತ್ತದೆ. ಡಾಕ್ಟರಮ್ಮನ ಕ್ಲಿನಿಕ್ಕಿನ ಮಹಡಿ, ಗುಬ್ಬಿಯ ಶಾಲೆಯ ಮೈದಾನ, ಇವರ ಅಂಗಡಿಯ ಬೀದಿ. ಈ ಎರಡೂವರೆ ತಿಂಗಳಲ್ಲಿ ಆ ಬೀದಿಗಳನ್ನೆಲ್ಲ ನಡೆದು ನಡೆದು ನನಗೆ ಯಾವ ತಿರುವಿನಲ್ಲಿ ಯಾವ ಕಲ್ಲು ಎದ್ದಿದೆ ಎಂದೂ ಗೊತ್ತು. ಮೊದಲು ಇವೆಲ್ಲ ಬರೀ ಛಾವಣಿಗಳಾಗಿದ್ದವು.

ಮಧ್ಯಾಹ್ನದವರೆಗೆ ಹತ್ತೊಂಬತ್ತು ಸಲ ಎತ್ತಿದೆ. ಮಾವ ಕೆಳಗಿನಿಂದ ಒಂದೆರಡು ಸಲ ತಡ ಮಾಡಿದರು. ನಿಧಾನಕ್ಕೆ ಮಾವ, ಎಂದೆ.

ಹನ್ನೆರಡಕ್ಕೆ ಇಳಿದೆ. ಏಳನೇ ಅಟ್ಟಣೆಯಲ್ಲಿ ಕಡ್ಡಿ ಎದುರಾದ. ಹತ್ತಿ ಬಂದು ಏದುಸಿರು ಬಿಡುತ್ತಿದ್ದ, ಹಣೆಯ ಬೆವರು ಒರೆಸಿಕೊಂಡ.

"ಸುಸ್ತಾಗಿ ಕೂತಿದ್ರಾ ಅಕ್ಕಾ?" ಎಂದ.

"ನಿನಗೆ ದಾರಿ ಬಿಡೋಕೆ ನಿಂತಿದ್ದೆ ಕಣೋ."

ಗಾಳಿ ಬಲಗಡೆಯಿಂದ ಇದೆ, ಮಧ್ಯಾಹ್ನದ ಮೇಲೆ ಏಳುತ್ತದೆ, ಹುಷಾರು ಎಂದು ಹೇಳಿದೆ. ಅವನ ಚೀಲವನ್ನೂ ನೋಡಿದೆ: ನೀರು, ಎರಡು ಬಾಳೆಹಣ್ಣು. ಕೇಳದಿದ್ದರೂ ಅವನೇ ತೆರೆದು ತೋರಿಸಿದ. ಆಮೇಲೆ ಅವನು ಹತ್ತುತ್ತಾ ಹೋದ, ನಾನು ಅವನ ಬೂಟಿನ ಅಡಿ ನೋಡುತ್ತಾ ನಿಂತೆ. ಕ್ಯಾಬಿನ್ನಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಇಳಿದೆ.

ಊಟ ಮಾಡಿ ಮಾವನ ಪಕ್ಕ ಹೋಗಿ ನಿಂತೆ. ನಮ್ಮ ಕ್ರೇನಿನ ತೋಳು ತಿರುಗುತ್ತಾ ಬಂದು ನೆತ್ತಿಯ ಮೇಲೆ ನಿಂತಿತು. ಎತ್ತರಕ್ಕೆ ಕತ್ತು ನೋಯಿತು. ವಾಕಿಟಾಕಿಯಲ್ಲಿ ಅವನ ದನಿ ಬಂತು, ಎಲ್ಲಿದ್ದೀರಿ ಅಕ್ಕಾ ಎಂದು. ಗುಂಡಿ ಒತ್ತಿದೆ.

"ನಿನ್ನ ಕೆಳಗೇ ಇದ್ದೀನಿ ತಮ್ಮಾ. ಕೊಕ್ಕೆ ಇಳಿಸು."